ಅರ್ಜಿ ನಮೂನೆಯಿಂದ ಗುಡಾರದವರೆಗೆ: ಅಮೆರಿಕದ ಕ್ಯಾಂಪಸ್ಸಿನಲ್ಲಿ ಯಹೂದಿ ದ್ವೇಷದ ನೂರು ವರ್ಷ

2025ರ ಮಾರ್ಚ್ ತಿಂಗಳಲ್ಲಿ, ಎರಡು ವಾರಗಳ ಅಂತರದಲ್ಲಿ, ಎರಡು ಸಾಕ್ಷ್ಯಚಿತ್ರಗಳು ಅಮೆರಿಕದ ಚಿತ್ರಮಂದಿರಗಳಿಗೆ ಬಂದವು. 2023ರಲ್ಲಿ ಇಸ್ರೇಲ್ ಮೇಲೆ ನಡೆದ ಹಮಾಸ್ ದಾಳಿಯ ಬಳಿಕ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ದ್ವೇಷ ಹೇಗೆ ಹೆಡೆಯೆತ್ತಿತು ಎಂಬುದು ಒಂದರ ವಸ್ತು. ಗಾಜಾ ಯುದ್ಧವನ್ನು ವಿರೋಧಿಸಿ ಕ್ಯಾಂಪಸ್ಸಿನಲ್ಲೇ ಗುಡಾರ ಹಾಕಿ ಕುಳಿತ ವಿದ್ಯಾರ್ಥಿಗಳ ಕಥೆ ಇನ್ನೊಂದರದು. ಎರಡರಲ್ಲೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಕಾಣುತ್ತದೆ. ಆದರೆ ಒಂದರಲ್ಲಿ ಭಯ ಹುಟ್ಟಿಸುವ ಗುಂಪು ಇನ್ನೊಂದರಲ್ಲಿ ಆತ್ಮಸಾಕ್ಷಿಯ ದನಿ. ಒಂದನ್ನು ನೋಡಿ ಬಂದವರಿಗೆ ಇನ್ನೊಂದು ಬೇರೆ ಯಾವುದೋ ದೇಶದ್ದು ಎನಿಸಿದರೆ ಆಶ್ಚರ್ಯವಿಲ್ಲ. ಈ ಜಗಳವನ್ನು 2023ರಿಂದ ಓದಲು ಶುರು ಮಾಡಿದರೆ ತಲೆಬುಡ ತಿಳಿಯುವುದಿಲ್ಲ. ನೂರು ವರ್ಷ ಹಿಂದಕ್ಕೆ, ಒಂದು ಅರ್ಜಿ ನಮೂನೆಯ ಬಳಿಗೆ ಹೋಗಬೇಕು.

1922ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಗೆ ಕೆಲವು ಹೊಸ ಪ್ರಶ್ನೆಗಳು ಸೇರಿಕೊಂಡವು. ನಿಮ್ಮ ಜನಾಂಗ ಯಾವುದು? ಮದುವೆಗೆ ಮೊದಲು ತಾಯಿಯ ಮನೆತನದ ಹೆಸರೇನಿತ್ತು? ತಂದೆ ಹುಟ್ಟಿದ ಊರು ಯಾವುದು? ಕೊನೆಗೆ ಇನ್ನೊಂದು: ನೀವು ಹುಟ್ಟಿದ ಮೇಲೆ ನಿಮ್ಮ ಅಥವಾ ನಿಮ್ಮ ತಂದೆಯ ಹೆಸರಿನಲ್ಲಿ ಏನಾದರೂ ಬದಲಾವಣೆಯಾಗಿದೆಯೇ? ಆಗಿದ್ದರೆ ಪೂರ್ತಿ ವಿವರಿಸಿ. ಪೂರ್ವ ಯೂರೋಪಿನಿಂದ ಹಡಗು ಹತ್ತಿ ಬಂದ ಕುಟುಂಬಗಳು ನೆಲೆ ನಿಂತ ಮೇಲೆ ಹೆಸರಿನ ಬಾಲ ಕತ್ತರಿಸಿ ಇಂಗ್ಲಿಷಿನ ಅಂಗಿ ತೊಡಿಸಿಕೊಳ್ಳುತ್ತಿದ್ದ ಕಾಲ ಅದು. ಪ್ರಶ್ನೆ ಯಾರಿಗಾಗಿ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಉತ್ತರಗಳನ್ನು ಇಟ್ಟುಕೊಂಡು ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಜೆ1, ಜೆ2, ಜೆ3 ಎಂದು ವಿಂಗಡಿಸಿತು. ಮೊದಲನೆಯದು ಖಚಿತವಾಗಿ ಯಹೂದಿ, ಎರಡನೆಯದು ಬಹುತೇಕ ಯಹೂದಿ, ಮೂರನೆಯದು ಇದ್ದರೂ ಇರಬಹುದು.

ಶತಮಾನದ ಆರಂಭದಲ್ಲಿ ಹಾರ್ವರ್ಡ್‌ನಲ್ಲಿ ಶೇ 7ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳು 1922ರ ಹೊತ್ತಿಗೆ ಶೇ 21 ದಾಟಿದ್ದರು. ಅಧ್ಯಕ್ಷ ಅಬಟ್ ಲಾರೆನ್ಸ್ ಲೊವೆಲ್ ಅವರಿಗೆ ಇದು ತಲೆನೋವಾಯಿತು. ಅವರ ವಾದ ವಿಚಿತ್ರವಾಗಿತ್ತು. ಬೇಸಿಗೆಯ ಹೋಟೆಲೊಂದು ಯಹೂದಿಗಳನ್ನು ಸೇರಿಸಿಕೊಂಡರೆ ಹಾಳಾಗುತ್ತದೆ, ಯಹೂದಿಗಳು ಕೆಟ್ಟವರೆಂದಲ್ಲ, ಅವರನ್ನು ಕಂಡು ಉಳಿದವರು ಜಾಗ ಖಾಲಿ ಮಾಡುತ್ತಾರೆ ಎಂದು ಅವರು ಒಂದು ಪತ್ರದಲ್ಲಿ ಬರೆದರು. ಸಂಖ್ಯೆ ಮಿತಿಯಲ್ಲಿದ್ದರೆ ದ್ವೇಷವೂ ಮಿತಿಯಲ್ಲಿರುತ್ತದೆ, ಹಾಗಾಗಿ ಮಿತಿ ಹೇರುವುದು ಯಹೂದಿಗಳಿಗೇ ಒಳ್ಳೆಯದು ಎಂಬ ಧಾಟಿ. ಶೇ 15ರ ಮಿತಿ ಅವರ ಮನಸ್ಸಿನಲ್ಲಿತ್ತು. ಅದನ್ನು ಬಹಿರಂಗವಾಗಿ ಆಡಿದ್ದೇ ತಡ, ಪತ್ರಿಕೆಗಳಲ್ಲಿ ರಾಡಿಯಾಯಿತು. 1923ರಲ್ಲಿ ಪ್ರಸ್ತಾವ ಬಿದ್ದುಹೋಯಿತು.

ಬಿದ್ದದ್ದು ಅದರ ಹೆಸರು ಮಾತ್ರ. 1926ರಲ್ಲಿ ಹೊಸ ನಿಯಮಗಳು ಬಂದವು. ಅಂಕದ ಜೊತೆಗೆ ‘ಚಾರಿತ್ರ್ಯ’ವನ್ನೂ ನೋಡಬೇಕು, ಅರ್ಜಿಗೆ ಭಾವಚಿತ್ರ ಅಂಟಿಸಬೇಕು, ದೇಶದ ಎಲ್ಲ ಭಾಗಗಳ ಹುಡುಗರಿಗೂ ಅವಕಾಶ ಸಿಗಬೇಕು. ಯಹೂದಿ ಎಂಬ ಪದ ಎಲ್ಲಿಯೂ ಇಲ್ಲ. ಆದರೆ ಯಹೂದಿ ಕುಟುಂಬಗಳು ಹೆಚ್ಚಾಗಿದ್ದದ್ದು ನ್ಯೂಯಾರ್ಕ್, ಬಾಸ್ಟನ್ನಿನಂತಹ ಪೂರ್ವದ ಶಹರಗಳಲ್ಲಿ. ಮೊದಲ ವರ್ಷದ ತರಗತಿಯಲ್ಲಿ ನಾಲ್ಕನೇ ಒಂದು ಭಾಗವಿದ್ದವರು ಕೆಲವೇ ವರ್ಷಗಳಲ್ಲಿ ಶೇ 15ರ ಆಸುಪಾಸಿಗೆ ಇಳಿದರು. ಕೇಳಲು ಎಷ್ಟು ಚೆಂದದ ಮಾತುಗಳು, ಚಾರಿತ್ರ್ಯ, ಪ್ರಾದೇಶಿಕ ಸಮತೋಲನ! ಬಾಗಿಲು ಮುಚ್ಚುವವರು ಬಾಗಿಲು ಮುಚ್ಚುತ್ತಿದ್ದೇವೆ ಎಂದು ಎಂದೂ ಹೇಳುವುದಿಲ್ಲ.

ಲೊವೆಲ್ ಒಬ್ಬರ ತಲೆಗೆ ಇದನ್ನು ಕಟ್ಟುವಂತಿಲ್ಲ. ಕೊಲಂಬಿಯಾ ಅವರಿಗಿಂತ ಮೊದಲೇ ಇದೇ ದಾರಿ ಹಿಡಿದಿತ್ತು. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ, ಅಸ್ಪೃಶ್ಯತೆಯ ನೆರಳಿಲ್ಲದ ಬದುಕನ್ನು ಕಂಡುಕೊಂಡ ಅದೇ ಕೊಲಂಬಿಯಾ. ಅವರು ಹೊರಟ ಕೆಲವೇ ವರ್ಷಗಳಲ್ಲಿ ಅಲ್ಲಿ ಸುಮಾರು ಶೇ 40ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳ ಪ್ರಮಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಸೆತ್ ಲೋ ಎಂಬ ಪ್ರತ್ಯೇಕ ಜೂನಿಯರ್ ಕಾಲೇಜು ತೆರೆದು ಯಹೂದಿ ಹುಡುಗರನ್ನು ಅಲ್ಲಿಗೆ ಸಾಗಹಾಕತೊಡಗಿದರು. ಮುಂದೆ ವಿಜ್ಞಾನ ಕಥೆಗಳಿಗೆ ಹೆಸರಾದ ಐಸಾಕ್ ಅಸಿಮೋವ್ ಅಲ್ಲಿಗೆ ಸೇರಿದವರು. ರಿಚರ್ಡ್ ಫೈನ್‌ಮನ್‌ಗೆ ಕೊಲಂಬಿಯಾ ಸೀಟನ್ನೇ ಕೊಡಲಿಲ್ಲ. ಅವರು ಎಂಐಟಿಗೆ ಹೋದರು, 1965ರಲ್ಲಿ ನೊಬೆಲ್ ತಂದರು.

ಎರಡನೇ ಮಹಾಯುದ್ಧ ಮುಗಿಯಿತು, ನಾಜಿ ಶಿಬಿರಗಳ ಚಿತ್ರಗಳು ಹೊರಬಂದವು, 1948ರಲ್ಲಿ ನ್ಯೂಯಾರ್ಕ್ ರಾಜ್ಯ ಪ್ರವೇಶದಲ್ಲಿ ತಾರತಮ್ಯ ಮಾಡದಂತೆ ಕಾನೂನು ತಂದಿತು, ಅದೇ ವರ್ಷ ಯಹೂದಿಗಳ ನೆರವಿನಿಂದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯ ಹುಟ್ಟಿತು, 60ರ ದಶಕದ ಹೊತ್ತಿಗೆ ಕೋಟಾಗಳು ಕರಗಿದವು. ಕ್ಷಮೆ ಕೇಳುವುದು ಮಾತ್ರ ತಡವಾಯಿತು. 1950ರ ದಶಕದಲ್ಲಿ ಯಹೂದಿ ವಿದ್ಯಾರ್ಥಿಗಳನ್ನು ಹೊರಗಿಟ್ಟದ್ದಕ್ಕೆ ಸ್ಟ್ಯಾನ್‌ಫರ್ಡ್ ಕ್ಷಮೆ ಕೋರಿದ್ದು 2022ರಲ್ಲಿ.

ಇಲ್ಲಿಂದ ಮುಂದೆ ದಾರ ಸಿಕ್ಕುಗಟ್ಟುತ್ತದೆ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯವು ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ, ರಾಷ್ಟ್ರೀಯ ಮೂಲದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಧರ್ಮದ ಮಾತು ಅದರಲ್ಲಿಲ್ಲ. ಹಾಗಾದರೆ ಯಹೂದಿ ಎಂಬುದು ಧರ್ಮವೋ ಜನಾಂಗವೋ? ಹಂಚಿಕೊಂಡ ವಂಶಮೂಲವೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಯಹೂದಿಗಳಿಗೂ ಈ ರಕ್ಷಣೆ ಇದೆ ಎಂದು ಶಿಕ್ಷಣ ಇಲಾಖೆ ಸ್ಪಷ್ಟಪಡಿಸಿದ್ದು 2004ರಲ್ಲಿ, ಕಾಯ್ದೆ ಬಂದು 40 ವರ್ಷಗಳಾದ ಮೇಲೆ.

ಅಷ್ಟರಲ್ಲಿ ಜಗಳದ ಕೇಂದ್ರ ಇಸ್ರೇಲ್ ಕಡೆಗೆ ಸರಿದಿತ್ತು. 2002ರಲ್ಲಿ ಇಸ್ರೇಲ್‌ನಲ್ಲಿ ವ್ಯವಹಾರ ನಡೆಸುವ ಕಂಪನಿಗಳಿಂದ ಹೂಡಿಕೆ ಹಿಂಪಡೆಯಿರಿ ಎಂಬ ಮನವಿಗಳು ಹಾರ್ವರ್ಡ್‌ನಲ್ಲಿ ಓಡಾಡಿದಾಗ, ಆಗಿನ ಅಧ್ಯಕ್ಷ ಲಾರೆನ್ಸ್ ಸಮರ್ಸ್ ಇಂಥ ಕ್ರಮಗಳು ಉದ್ದೇಶದಿಂದ ಅಲ್ಲದಿದ್ದರೂ ಪರಿಣಾಮದಲ್ಲಿ ಯಹೂದಿ ವಿರೋಧಿ ಎಂದರು. ಉದ್ದೇಶ ಮುಖ್ಯವೋ ಪರಿಣಾಮ ಮುಖ್ಯವೋ ಎಂಬ ವಾದ ಇಂದಿಗೂ ಬಗೆಹರಿದಿಲ್ಲ. 2004ರಲ್ಲಿ ಇಸ್ರೇಲ್ ಪರ ಗುಂಪೊಂದು ಕೊಲಂಬಿಯಾದ ಯಹೂದಿ ವಿದ್ಯಾರ್ಥಿಗಳ ದೂರುಗಳನ್ನು ಕ್ಯಾಮೆರಾ ಮುಂದೆ ಹೇಳಿಸಿ ಒಂದು ಕಿರುಚಿತ್ರ ಮಾಡಿತು. ಪ್ರಾಧ್ಯಾಪಕರು ತರಗತಿಯಲ್ಲಿ ತಮ್ಮನ್ನು ಬೆದರಿಸುತ್ತಾರೆ ಎಂಬುದು ದೂರು. ವಿಶ್ವವಿದ್ಯಾಲಯದ ಸಮಿತಿ 2005ರಲ್ಲಿ ಯಹೂದಿ ವಿರೋಧಿ ಹೇಳಿಕೆಗಳಿಗೆ ಪುರಾವೆ ಸಿಗಲಿಲ್ಲ ಎಂದಿತು. ಒಂದು ಪ್ರಸಂಗದಲ್ಲಿ ಮಾತ್ರ ಪ್ರಾಧ್ಯಾಪಕರೊಬ್ಬರು ಎಲ್ಲೆ ಮೀರಿದ್ದು ನಂಬಲರ್ಹ ಎಂದಿತು. ಯಾರಿಗೂ ಸಮಾಧಾನವಾಗಲಿಲ್ಲ. ಸಾಕ್ಷ್ಯಚಿತ್ರ, ಸಮಿತಿ, ವರದಿ, ಮತ್ತೆ ಸಿಟ್ಟು. ಇಂದು ಹೊಸದೆಂಬಂತೆ ಕಾಣುವ ಸುತ್ತು ಅಂದೇ ಒಮ್ಮೆ ಪೂರ್ತಿಯಾಗಿತ್ತು.

ಯಹೂದಿ ದ್ವೇಷ ಎಂದರೇನು ಎಂಬುದಕ್ಕೆ ವ್ಯಾಖ್ಯಾನವೊಂದು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ನಂಬಿದರು. ಯೂರೋಪಿನ ಒಂದು ಸಂಸ್ಥೆ 2005ರಲ್ಲಿ ಹೊರತಂದ ಕರಡನ್ನು 2016ರಲ್ಲಿ ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡವನ್ನು ಸ್ಮರಿಸುವ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡಿತು. ಅದರಲ್ಲಿ 11 ಉದಾಹರಣೆಗಳಿವೆ, ಹೆಚ್ಚಿನವು ಇಸ್ರೇಲ್‌ಗೆ ಸಂಬಂಧಿಸಿದವು. 2019ರಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದು ಇದನ್ನು ಪರಿಗಣಿಸುವಂತೆ ಇಲಾಖೆಗಳಿಗೆ ಸೂಚಿಸಿತು. ಕರಡು ಬರೆಯುವುದರಲ್ಲಿ ಮುಂದಾಳಾಗಿದ್ದ ಕೆನೆತ್ ಸ್ಟರ್ನ್ ಅವರೇ ಇದು ಅಂಕಿಅಂಶ ಕಲೆಹಾಕಲು ಮಾಡಿದ್ದು, ಕ್ಯಾಂಪಸ್ಸಿನ ಮಾತುಗಳನ್ನು ಅಳೆಯಲು ಅಲ್ಲ ಎಂದು ಪದೇಪದೇ ಹೇಳುತ್ತ ಬಂದಿದ್ದಾರೆ.

ಈ ತರ್ಕದ ನಡುವೆ ಮರೆತುಹೋಗುವ ಒಂದು ರಾತ್ರಿಯಿದೆ. 2017ರ ಆಗಸ್ಟ್ 11ರಂದು ಬಿಳಿಯರ ಪಾರಮ್ಯವಾದಿಗಳು ಪಂಜು ಹಿಡಿದು ಷಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾಲಯದೊಳಗೆ ಮೆರವಣಿಗೆ ಮಾಡಿ, ಯಹೂದಿಗಳು ನಮ್ಮ ಜಾಗ ಕಿತ್ತುಕೊಳ್ಳಲು ಬಿಡುವುದಿಲ್ಲ ಎಂದು ಕೂಗಿದರು. ಅದೂ ಕ್ಯಾಂಪಸ್ಸೇ. ಅಲ್ಲಿ ಯಾರಿಗೂ ವ್ಯಾಖ್ಯಾನ ಬೇಕಾಗಲಿಲ್ಲ.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನ ಒತ್ತೆಯಾಳಾದರು. ಗಾಜಾದಲ್ಲಿ ಶುರುವಾದ ಯುದ್ಧ ಹತ್ತಾರು ಸಾವಿರ ಜೀವ ತೆಗೆಯಿತು. ದಾಳಿಯ ಬೆನ್ನಿಗೇ ಹಾರ್ವರ್ಡ್‌ನ 30ಕ್ಕೂ ಹೆಚ್ಚು ವಿದ್ಯಾರ್ಥಿ ಸಂಘಟನೆಗಳು ಎಲ್ಲಕ್ಕೂ ಇಸ್ರೇಲೇ ಹೊಣೆ ಎಂದು ಸಹಿ ಹಾಕಿದವು. ಆ ವಿದ್ಯಾರ್ಥಿಗಳ ಮುಖಗಳನ್ನು ಪರದೆಯ ಮೇಲೆ ಮೂಡಿಸಿಕೊಂಡು ಟ್ರಕ್ಕೊಂದು ಊರು ಸುತ್ತಿತು. ಕಾರ್ನೆಲ್‌ನಲ್ಲಿ ಯಹೂದಿ ವಿದ್ಯಾರ್ಥಿಗಳು ಊಟ ಮಾಡುವ ಭೋಜನಶಾಲೆಯ ಮೇಲೆ ಗುಂಡು ಹಾರಿಸುವ ಬೆದರಿಕೆ ಬಂತು. ವರ್ಮಾಂಟಿನಲ್ಲಿ ಪ್ಯಾಲೆಸ್ಟೀನ್ ಮೂಲದ ಮೂವರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು.

ಡಿಸೆಂಬರ್ 5ರಂದು ಹಾರ್ವರ್ಡ್, ಪೆನ್ಸಿಲ್ವೇನಿಯಾ, ಎಂಐಟಿ ವಿಶ್ವವಿದ್ಯಾಲಯಗಳ ಅಧ್ಯಕ್ಷೆಯರು ಸಂಸತ್ ಸಮಿತಿಯ ಮುಂದೆ ಕುಳಿತರು. ಯಹೂದಿಗಳ ನರಮೇಧಕ್ಕೆ ಕರೆ ಕೊಡುವುದು ನಿಮ್ಮ ನಿಯಮದ ಉಲ್ಲಂಘನೆಯೇ ಎಂದು ಕೇಳಿದ್ದಕ್ಕೆ, ಅದು ಸಂದರ್ಭವನ್ನು ಅವಲಂಬಿಸಿದೆ ಎಂಬ ಉತ್ತರ ಬಂತು. ಕಾನೂನಿನ ಪುಸ್ತಕದ ಪ್ರಕಾರ ತಪ್ಪಿಲ್ಲದ ಉತ್ತರ. ಮನುಷ್ಯರು ಮನುಷ್ಯರಿಗೆ ಕೊಡುವ ಉತ್ತರವಲ್ಲ. ನಾಲ್ಕೇ ದಿನದಲ್ಲಿ ಪೆನ್ಸಿಲ್ವೇನಿಯಾದ ಅಧ್ಯಕ್ಷೆ, ಜನವರಿ 2ರಂದು ಹಾರ್ವರ್ಡ್ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. 2024ರ ಏಪ್ರಿಲ್‌ನಲ್ಲಿ ಕೊಲಂಬಿಯಾದಲ್ಲಿ ಗುಡಾರಗಳೆದ್ದವು, ಮರುದಿನವೇ ಪೊಲೀಸರು ಬಂದು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಆ ಗುಡಾರಗಳೊಳಗೆ ಯಹೂದಿ ವಿದ್ಯಾರ್ಥಿಗಳೂ ಇದ್ದರು, ಶುಕ್ರವಾರದ ಸಬ್ಬತ್ ಪ್ರಾರ್ಥನೆಯೂ ನಡೆಯಿತು. ಅದೇ ದಿನಗಳಲ್ಲಿ ಯಹೂದಿ ಗುರುತಾದ ಕತ್ತಿನ ನಕ್ಷತ್ರದ ಪದಕವನ್ನು ಅಂಗಿಯೊಳಗೆ ಸೇರಿಸಿಕೊಂಡು ತರಗತಿಗೆ ನಡೆದ ಯಹೂದಿ ವಿದ್ಯಾರ್ಥಿಗಳೂ ಇದ್ದರು. ಎರಡೂ ನಿಜ. ಸಾಕ್ಷ್ಯಚಿತ್ರಗಳಲ್ಲಿ ಒಂದು ನಿಜಕ್ಕೆ ಎರಡು ಗಂಟೆ ಸಿಕ್ಕರೆ ಇನ್ನೊಂದಕ್ಕೆ ಎರಡು ನಿಮಿಷ.

2025ರಲ್ಲಿ ಸರ್ಕಾರವೇ ಕಣಕ್ಕಿಳಿಯಿತು. ಯಹೂದಿ ದ್ವೇಷ ತಡೆಯಲಿಲ್ಲವೆಂದು ಕೊಲಂಬಿಯಾದ 40 ಕೋಟಿ ಡಾಲರ್ ಅನುದಾನ ರದ್ದಾಯಿತು. ಜುಲೈನಲ್ಲಿ ಆ ವಿಶ್ವವಿದ್ಯಾಲಯ 20 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿಯಾಯಿತು. ತನ್ನ ಅನುದಾನವೂ ನಿಂತಾಗ ಹಾರ್ವರ್ಡ್ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅನುದಾನ ನಿಲ್ಲಿಸಲು ಯಹೂದಿ ದ್ವೇಷವನ್ನು ಪರದೆಯಾಗಿ ಬಳಸಲಾಗಿದೆ ಎಂದು ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಹೇಳಿದರು. ನಿಂತುಹೋಗಿದ್ದ ಹಣದಲ್ಲಿ ಬಹುಪಾಲು ವೈದ್ಯಕೀಯ ಮತ್ತು ವಿಜ್ಞಾನ ಸಂಶೋಧನೆಯದು.

ಈ ಬಿಸಿ ನಮ್ಮವರೆಗೂ ಬಂದಿದೆ. ವಲಸೆ ಬಯಸುವವರ ಮತ್ತು ವಿದೇಶಿ ವಿದ್ಯಾರ್ಥಿಗಳ ಸಾಮಾಜಿಕ ಜಾಲತಾಣಗಳಲ್ಲಿ ಯಹೂದಿ ವಿರೋಧಿ ಬರಹಗಳಿವೆಯೇ ಎಂದು ಹುಡುಕುವುದಾಗಿ ಅಮೆರಿಕದ ವಲಸೆ ಇಲಾಖೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರೆಲ್ಲ ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆ ಬಂತು. ಸಂದರ್ಶನಕ್ಕೆಂದು ಚೆನ್ನೈಗೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತುವ ಬೆಂಗಳೂರಿನ ಹುಡುಗರು ಈಗ ಹಳೆಯ ಪೋಸ್ಟುಗಳನ್ನು ತಡಕಿ ನೋಡಿಕೊಂಡು ಹೊರಡುತ್ತಾರೆ. ಅವರು ತುಂಬುವ ವೀಸಾ ಅರ್ಜಿಯಲ್ಲಿ ಜಾಲತಾಣದ ಖಾತೆಗಳಿಗೆ ಒಂದು ಜಾಗವಿದೆ. ಅದೇ ಅರ್ಜಿಯ ಮೊದಲ ಪುಟಗಳಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ನೀವು ಈ ಹಿಂದೆ ಬೇರೆ ಹೆಸರನ್ನು ಬಳಸಿದ್ದೀರಾ?