90:10 ಅಂದ್ರೆ ಯಾವ 90, ಯಾವ 10? ಗುಡ್ಡಗಾಡು ಯೋಜನೆಗಳ ಹಣದ ಲೆಕ್ಕ

ಅಣಕು ಪರೀಕ್ಷೆಯಲ್ಲಿ, ಗುಡ್ಡಗಾಡು ರಾಜ್ಯಗಳಿಗೆ ಕೇಂದ್ರ ಕೊಡುವ ಹಣದ ಪಾಠದಿಂದ ಬಂದ ಎರಡು ಪ್ರಶ್ನೆಗಳನ್ನೂ ತಪ್ಪು ಮಾಡಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಳೆಯ 90:10

1969ರಲ್ಲಿ ಅಸ್ಸಾಂ, ನಾಗಾಲ್ಯಾಂಡ್, ಜಮ್ಮು-ಕಾಶ್ಮೀರಕ್ಕೆ ವಿಶೇಷ ವರ್ಗದ ರಾಜ್ಯ ಎಂಬ ಸ್ಥಾನ ಸಿಕ್ಕಿತು. ಗುಡ್ಡಗಾಡು ನೆಲ, ಗಡಿ, ಕಡಿಮೆ ಜನಸಾಂದ್ರತೆ ಇವೆಲ್ಲ ಕಾರಣ. ಆಮೇಲೆ ಹಿಮಾಚಲ, ಉತ್ತರಾಖಂಡದಂಥವು ಸೇರಿದವು. ಇವಕ್ಕೆ ಕೇಂದ್ರದ ಯೋಜನಾ ನೆರವಿನಲ್ಲಿ 90 ಭಾಗ ಅನುದಾನ (ವಾಪಸ್ ಕೊಡಬೇಕಿಲ್ಲದ ಹಣ), 10 ಭಾಗ ಸಾಲ. ಉಳಿದ ರಾಜ್ಯಗಳಿಗೆ 30 ಭಾಗ ಅನುದಾನ, 70 ಭಾಗ ಸಾಲ. ಗಮನಿಸಿ, ಎರಡೂ ಭಾಗ ಕೇಂದ್ರದಿಂದಲೇ ಬರುತ್ತಿದ್ದವು.

ಈಗಿನ 90:10

2015-16ರಿಂದ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ (ಕೇಂದ್ರ, ರಾಜ್ಯ ಎರಡೂ ಸೇರಿ ಹಣ ಹಾಕುವಂಥವು) ಹೆಚ್ಚಿನವಕ್ಕೆ ಕೇಂದ್ರ 60, ರಾಜ್ಯ 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರ 90, ರಾಜ್ಯ 10. ಇಲ್ಲಿ ಸಾಲದ ಮಾತೇ ಇಲ್ಲ. ಆ 10 ರಾಜ್ಯದ ಸ್ವಂತ ಜೇಬಿನದು. ಅಂಕಿ ಅದೇ, ಅರ್ಥ ಬೇರೆ. ನಾನು ಸುಮ್ನೆ ಎರಡನ್ನೂ ಒಂದೇ ಅಂದುಕೊಂಡು ಓದಿದ್ದೆ.

ಉಲ್ಟಾ ಲೆಕ್ಕ: ನಾನು ಎಡವಿದ್ದು ಇಲ್ಲೇ

ಪ್ರಶ್ನೆ ಹೀಗಿತ್ತು: 90:10 ಸಿಗುವ ರಾಜ್ಯದ ಕೈಯಲ್ಲಿ 10 ಕೋಟಿ ಇದೆ, ಎಷ್ಟು ದೊಡ್ಡ ಯೋಜನೆ ತೆಗೆದುಕೊಳ್ಳಬಹುದು? ನಾನು 10 ಕೋಟಿಯ ಶೇ 90 ಅಂದರೆ 9 ಕೋಟಿ, ಒಟ್ಟು 19 ಕೋಟಿ ಅಂತ ಬರೆದೆ. ಪೂರ್ತಿ ತಪ್ಪು. ಶೇ 90 ಅನ್ನೋದು ಒಟ್ಟು ಯೋಜನೆಯ ಶೇ 90, ನಮ್ಮ ಹಣದ ಶೇ 90 ಅಲ್ಲ.

ಸರಿ ದಾರಿ: ಸ್ವಂತ ಹಣವನ್ನು ರಾಜ್ಯದ ಪಾಲಿನಿಂದ ಭಾಗಿಸಿ, 100ರಿಂದ ಗುಣಿಸಿ.

60:40 ಇದ್ದರೆ 10 ÷ 40 × 100 = 25 ಕೋಟಿ.
90:10 ಇದ್ದರೆ 10 ÷ 10 × 100 = 100 ಕೋಟಿ.

ಅನುಮಾನ ಇದ್ದರೆ ತಿರುಗಿಸಿ ನೋಡಿ. 25 ಕೋಟಿಯ ಶೇ 40 ಎಷ್ಟು? 10 ಕೋಟಿ. 100 ಕೋಟಿಯ ಶೇ 10? ಅದೂ 10 ಕೋಟಿ. 19 ಕೋಟಿಯ ಶೇ 10 ಮಾಡಿದರೆ ಬರೋದು 1.9 ಕೋಟಿ, ಆಗಲೇ ತಪ್ಪು ಗೊತ್ತಾಗುತ್ತದೆ.

ನನಗೆ ಇನ್ನೂ ಸುಲಭ ಅನ್ನಿಸಿದ್ದು ಒಂದು ರೂಪಾಯಿಯ ಲೆಕ್ಕ. 60:40ರಲ್ಲಿ ರಾಜ್ಯ ಒಂದು ರೂಪಾಯಿ ಇಟ್ಟರೆ ಕೇಂದ್ರದಿಂದ ಒಂದೂವರೆ ರೂಪಾಯಿ. 90:10ರಲ್ಲಿ ಒಂಬತ್ತು ರೂಪಾಯಿ. ಕೇಂದ್ರದ ಪಾಲು 60ರಿಂದ 90ಕ್ಕೆ ಹೋಗಿದ್ದು ಒಂದೂವರೆ ಪಟ್ಟು ಮಾತ್ರ ಅಂತ ಕಾಣುತ್ತೆ, ಅಲ್ವಾ? ಆದರೆ ಅದೇ ಸ್ವಂತ ಹಣಕ್ಕೆ ಯೋಜನೆ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ತೆರಿಗೆ ಕಡಿಮೆ ಹುಟ್ಟುವ ಬೆಟ್ಟದ ರಾಜ್ಯಕ್ಕೆ ಬೇಕಾದ್ದು ಇದೇ.

ಕೊಡಗೂ ಬೆಟ್ಟವೇ, ಆದರೆ

90:10 ಸಿಗುವುದು ರಾಜ್ಯ ನೋಡಿ, ನೆಲ ನೋಡಿ ಅಲ್ಲ. ಉತ್ತರಾಖಂಡದಲ್ಲಿ ಹರಿದ್ವಾರದ ಬಯಲಿಗೂ 90:10, ಕೊಡಗಿನ ಬೆಟ್ಟಕ್ಕೆ 60:40. ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮ ಐದನೇ ಪಂಚವಾರ್ಷಿಕ ಯೋಜನೆಯಲ್ಲಿ ಶುರುವಾದದ್ದು. ಅದರಲ್ಲಿ ರಾಜ್ಯವಲ್ಲ, ತಾಲ್ಲೂಕೇ ಘಟಕವಾಗಿತ್ತು. ನನ್ನ ಪ್ರಕಾರ ಅದೇ ಜಾಸ್ತಿ ನ್ಯಾಯ.

ರಸ್ತೆ

2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಸಿಗಬೇಕಾದರೆ ಬಯಲು ಸೀಮೆಯ ಜನವಸತಿಯಲ್ಲಿ ಕನಿಷ್ಠ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಲ್ಲಿ 250 ಸಾಕು. ಅಕ್ಕಪಕ್ಕದ ಹಟ್ಟಿಗಳ ಜನರನ್ನು ಕೂಡಿಸಿ ಎಣಿಸಬಹುದು: ಬಯಲಲ್ಲಿ 500 ಮೀಟರ್ ತ್ರಿಜ್ಯದೊಳಗೆ, ಬೆಟ್ಟದಲ್ಲಿ 1.5 ಕಿ.ಮೀ. ಒಳಗೆ. ಬೆಟ್ಟದ 1.5 ಕಿ.ಮೀ. ಅಂದರೆ ಕಾಲುದಾರಿಯ ದೂರ. ಎದುರಿಗೇ ಕಾಣುವ ಮನೆಗೂ ಕಣಿವೆ ಇಳಿದು ಹತ್ತಬೇಕಲ್ಲ!

ಎರಡನೇ ಪ್ರಶ್ನೆ ಹೋದದ್ದು ಇಲ್ಲಿ. ರಸ್ತೆ ಮುಗಿದ ಮೇಲೆ ಗುತ್ತಿಗೆದಾರ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಆ ದುಡ್ಡು ಯಾರದು? ನಾನು 90:10 ಅಂತ ಗುರುತು ಹಾಕಿದೆ. ಅದು ರಾಜ್ಯದ್ದೇ.