ಡೀಸೆಲ್ ಜೀಪಿಗೆ ಗ್ಯಾಸ್ ಕೂಡಿಸುವ ಆಸೆ: ಹಳೇ ಉಪಾಯ, ಹೊಸ ಲೆಕ್ಕ

ಹೋದ ಮಳೆಗಾಲದಲ್ಲಿ ಆಳಂದ ಕಡೆಯ ಹೊಲಕ್ಕೆ ಹೋಗಿ ಬರುವಾಗ ನಮ್ಮ ಜೀಪು ಹಿಂದೆ ಕರ್ರಗೆ ಹೊಗೆ ಬಿಟ್ಟಿತು. ಅದು ಎರೆ ನೆಲ. ನಾಲ್ಕು ಹನಿ ಬಿದ್ದರೆ ಸಾಕು, ಗಾಲಿಗೆ ಮಣ್ಣು ಮೆತ್ತಿಕೊಂಡು ಟೈರಿನ ಹಲ್ಲೆಲ್ಲ ಮುಚ್ಚಿ ಹೋಗುತ್ತೆ. ಬೇರೆ ಗಾಡಿಗಳು ಅಲ್ಲೇ ಕೂರುತ್ತವೆ. ಫೋರ್ ವೀಲ್ ಹಾಕಿ, ಲೋ ಗೇರಿಗೆ ತಂದು, ಎಕ್ಸಲೇಟರ್ ಒತ್ತಿ ಹಿಡಿದರೆ ನಮ್ಮ ಮಹೀಂದ್ರ ಎಂಎಂ 540 ಜೀಪು ಹೇಗೋ ದಾಟಿ ಬರುತ್ತೆ. ಆದರೆ ಏದುಸಿರು ಬಿಡುತ್ತೆ ಪಾಪ. ಹಳೇ ಪ್ಯೂಜೊ ಡೀಸೆಲ್ ಎಂಜಿನ್ನು, 2112 ಸಿಸಿ, ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ.

ಕಲಬುರಗಿಗೆ ಬಂದು ಗ್ಯಾರೇಜಿಗೆ ಬಿಟ್ಟೆ. ಉಸ್ತಾದ್ ಬಾನೆಟ್ ಎತ್ತಿ ನೋಡಿ ನಕ್ಕರು. ‘ಸಾಹೇಬ್ರ, ಇದಕ್ಕ ಗ್ಯಾಸ್ ಕೂಡಸ್ರಿ. ಪಿಕಪ್ ಜಬರ್ದಸ್ತ್ ಬರ್ತದ. ಡೀಸೆಲ್ ಭೀ ಉಳೀತದ.’

ಪೆಟ್ರೋಲ್ ಕಾರಿಗೆ, ಆಟೋಗೆ ಗ್ಯಾಸ್ ಹಾಕೋದು ಎಲ್ಲರಿಗೂ ಗೊತ್ತು. ಡೀಸೆಲ್‌ಗೂ ಹಾಕಬಹುದಾ? ಸುಮ್ನೆ ಮಾತಿಗೆ ಹೇಳಿದರು ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಇದು ಡೀಸೆಲ್ ಎಂಜಿನ್ನಿನಷ್ಟೇ ಹಳೇ ಯೋಚನೆ!

ಮೊದಲು ಒಳಗೆ ಏನು ನಡೆಯುತ್ತೆ ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ. ಡೀಸೆಲ್‌ನಲ್ಲಿ ಪ್ಲಗ್ ಇಲ್ಲ. ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಹಿಂಡುತ್ತಾರೆ. ಗಾಳಿ ಕಾದು ಕೆಂಡವಾಗುತ್ತೆ. ಅದರೊಳಕ್ಕೆ ನೋಜಲ್ ಡೀಸೆಲ್ ಚಿಮ್ಮಿಸಿದರೆ ಭಗ್ ಅಂತ ಹೊತ್ತಿಕೊಳ್ಳುತ್ತೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳೋಕೆ 210ರಿಂದ 250 ಡಿಗ್ರಿ ಬಿಸಿ ಸಾಕು. ಎಲ್‌ಪಿಜಿಗೆ 450 ಡಿಗ್ರಿಯ ಆಸುಪಾಸು ಬೇಕು. ಹಾಗಾಗಿ ಗಾಳಿಯ ಜೊತೆ ಸ್ವಲ್ಪ ಗ್ಯಾಸ್ ಒಳಗೆ ಬಿಟ್ಟರೂ ಅದು ತೆಪ್ಪಗಿರುತ್ತೆ. ಡೀಸೆಲ್ ಹೊತ್ತಿದ ಮೇಲೆ ಅದರ ಬೆಂಕಿಗೆ ತಾನೂ ಸೇರಿಕೊಳ್ಳುತ್ತೆ. ಅಂದರೆ ಇಲ್ಲಿ ಡೀಸೆಲ್ಲೇ ಬೆಂಕಿಕಡ್ಡಿ.

ಈ ಉಪಾಯ ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್‌ಗೇ ಹೊಳೆದಿತ್ತು. ಅವನ ಎಂಜಿನ್ ಸರಿಯಾಗಿ ಓಡಿದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. 1901ರಲ್ಲಿ ಅವನಿಗೆ ಅಮೆರಿಕದಲ್ಲಿ ಸಿಕ್ಕ ಒಂದು ಪೇಟೆಂಟು ಇದೇ ದಾರಿಯದು. ಸುಲಭಕ್ಕೆ ಹೊತ್ತದ ಇಂಧನವನ್ನು ಗಾಳಿ ಜೊತೆ ಹಿಂಡಬೇಕು, ಸುಲಭಕ್ಕೆ ಹೊತ್ತುವ ಇನ್ನೊಂದರಿಂದ ಅದಕ್ಕೆ ಬೆಂಕಿ ತಾಗಿಸಬೇಕು.

ನಮ್ಮ ನಾಡಿನಲ್ಲಿ ಇದು ಗಾಡಿಗಿಂತ ಮೊದಲು ಪಂಪ್‌ಸೆಟ್ಟಿಗೆ ಬಂತು. ಗೋಬರ್ ಗ್ಯಾಸ್ ಮತ್ತು ಡೀಸೆಲ್ ಎರಡರಲ್ಲೂ ಓಡುವ ಎಂಜಿನ್‌ಗಳನ್ನು ಕಿರ್ಲೋಸ್ಕರ್‌ನವರು ಮಾಡಿ ಮಾರುತ್ತಿದ್ದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯ ಕಥೆ ಇನ್ನೂ ಚೆನ್ನಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಊರಿನ ಸಗಣಿಯೆಲ್ಲ ಸೇರಿಸಿ ಗ್ಯಾಸ್ ಮಾಡಿತು. 1987ರಿಂದ ಆ ಗ್ಯಾಸನ್ನು ಒಂದು ಸಣ್ಣ ಡೀಸೆಲ್ ಎಂಜಿನ್ನಿಗೆ ಬಿಟ್ಟು ಕರೆಂಟ್ ತೆಗೆದರು. ಊರಿಗೆ ಕುಡಿಯುವ ನೀರು, ದೀಪ ಎರಡೂ ಅದರಿಂದಲೇ. ಇಂಥ ಎಂಜಿನ್‌ಗಳಲ್ಲಿ ಡೀಸೆಲ್‌ನ ಮುಕ್ಕಾಲು ಪಾಲಿಗಿಂತ ಜಾಸ್ತಿ ಉಳಿಯುತ್ತೆ.

ಹಾಗಾದರೆ ಜೀಪಿನಲ್ಲೂ ಅಷ್ಟು ಉಳಿಯಬೇಕಲ್ವಾ? ಇಲ್ಲ. ಪಂಪ್‌ಸೆಟ್ಟು ಬೆಳಗಿನಿಂದ ಸಂಜೆತನಕ ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ ಓಡುತ್ತೆ. ಗ್ಯಾಸ್ ಸೇರಿ ವೇಗ ಏರಿದರೆ ವೇಗ ಕಾಯುವ ಗವರ್ನರ್ ತಾನೇ ಡೀಸೆಲ್ ಕಡಿಮೆ ಮಾಡುತ್ತೆ. ಜೀಪಿನ ಬದುಕು ಹಾಗಲ್ಲ. ಒಂದು ಗಳಿಗೆ ಸುಮ್ನೆ ಗುರ್ ಅಂತಿರುತ್ತೆ, ಇನ್ನೊಂದು ಗಳಿಗೆ ಕೆಸರಿನಲ್ಲಿ ಒದ್ದಾಡುತ್ತೆ. ಜೊತೆಗೆ ಗೋಬರ್ ಗ್ಯಾಸಿನ ಮೀಥೇನ್ ತುಂಬಾ ಸಾಧು. ಎಲ್‌ಪಿಜಿಯ ಪ್ರೊಪೇನ್, ಬ್ಯುಟೇನ್ ಅಷ್ಟು ಸಾಧು ಅಲ್ಲ, ಬೇಗ ನಾಕಿಂಗ್ (ಹೊತ್ತಬಾರದ ಹೊತ್ತಿನಲ್ಲಿ ಸಿಡಿಯೋದು) ಶುರುಮಾಡುತ್ತವೆ. ಅದಕ್ಕೇ ಜೀಪಿನಂಥ ಗಾಡಿಯಲ್ಲಿ ಡೀಸೆಲ್‌ನ ಐದನೇ ಒಂದು ಪಾಲು, ಜಾಸ್ತಿ ಅಂದರೆ ಕಾಲು ಪಾಲು ಗ್ಯಾಸ್ ಬಿಟ್ಟು ನಿಲ್ಲಿಸುವುದು ಕ್ಷೇಮ.

ಗಾಡಿಯಲ್ಲಿ ಈ ಹುಚ್ಚು ಜೋರಾಗಿದ್ದು ಆಸ್ಟ್ರೇಲಿಯಾದಲ್ಲಿ, 2000ದ ನಂತರದ ವರ್ಷಗಳಲ್ಲಿ. ಅಲ್ಲಿ ಆಟೋ ಎಲ್‌ಪಿಜಿ ಬಂಕ್‌ಗಳಿಗೆ ಬರವಿರಲಿಲ್ಲ. 2006ರಲ್ಲಿ ಅಲ್ಲಿನ ಸರ್ಕಾರ ಕಾರಿಗೆ ಗ್ಯಾಸ್ ಹಾಕಿಸಿಕೊಂಡವರಿಗೆ 2000 ಡಾಲರ್ ಕೊಡಲು ಶುರುಮಾಡಿತು. ಟೊಯೋಟಾ ಲ್ಯಾಂಡ್ ಕ್ರೂಸರ್, ನಿಸಾನ್ ಪ್ಯಾಟ್ರೋಲ್ ಅನ್ನೋ (ಹೆಸರು ಕೇಳಿದರೆ ಪೆಟ್ರೋಲ್ ಅನ್ನಿಸುತ್ತೆ, ಕುಡಿಯೋದು ಡೀಸೆಲ್) ದೊಡ್ಡ ಫೋರ್ ವೀಲ್ ಗಾಡಿಗಳು ಅಲ್ಲಿ ತುಂಬಾ. 4.2 ಲೀಟರಿನ ಆರು ಸಿಲಿಂಡರ್ ಎಂಜಿನ್ ಇದ್ದರೂ ಟರ್ಬೊ ಇಲ್ಲದವು ಹಿಂದೆ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ದಿಬ್ಬ ಏರುವಾಗ ಸುಸ್ತಾಗುತ್ತಿದ್ದವು. ಅಂಥವರಿಗೆ ಗ್ಯಾಸ್ ಬೇಕಿದ್ದುದು ಉಳಿತಾಯಕ್ಕಿಂತ ಮೊದಲು ಬಲಕ್ಕೆ. ಗಾಳಿ ಎಳೆಯುವ ಪೈಪಿಗೆ ಅಳೆದು ಗ್ಯಾಸ್ ಬಿಡುವ ಕಿಟ್ಟು ಬಂತು. ಅದರಲ್ಲಿ ಗ್ಯಾಸ್ ಬಂದ್ ಮಾಡುವ ಸೊಲೆನಾಯ್ಡ್, ಎಂಜಿನ್ನಿನ ಬಿಸಿನೀರಿನಿಂದ ದ್ರವವನ್ನು ಆವಿ ಮಾಡುವ ರೆಡ್ಯೂಸರ್, ಭಾರ ನೋಡಿ ಗ್ಯಾಸ್ ಹೆಚ್ಚುಕಮ್ಮಿ ಮಾಡುವ ಪೆಟ್ಟಿಗೆ ಇರುತ್ತವೆ. ಕಪ್ಪು ಹೊಗೆ ಕಡಿಮೆಯಾಗೋದು ನಿಜ. ಪಿಕಪ್ ಬರೋದೂ ನಿಜ. ಉಸ್ತಾದ್ ಸುಳ್ಳು ಹೇಳಿರಲಿಲ್ಲ.

ಆದರೆ ಅವರು ಅರ್ಧ ಹೇಳಿದ್ದರು. ಉಳಿದರ್ಧ ಅವರ ಮೇಜಿನ ಮೇಲೇ ಇತ್ತು. ಎರಡನೇ ಸಲ ಹೋದಾಗ ನಟ್ಟು, ಬೋಲ್ಟು ಹಾಕಿಡುವ ಒಂದು ಬಟ್ಟಲು ಕಣ್ಣಿಗೆ ಬಿತ್ತು. ಎತ್ತಿ ನೋಡಿದರೆ ಬೋರಲು ಹಾಕಿದ ಪಿಸ್ಟನ್ನು. ನೆತ್ತಿಯ ಮೇಲೆ ಹೆಬ್ಬೆಟ್ಟು ತೂರುವಷ್ಟು ತೂತು. ತೂತಿನ ಅಂಚು ಮೇಣದ ಬತ್ತಿ ಕರಗಿದ ಹಾಗೆ ಇಳಿದು ಗಟ್ಟಿಯಾಗಿದೆ. ತೂತಿಗೆ ಒಂದು ವಾಷರ್ ಅಡ್ಡ ಇಟ್ಟಿದ್ದರು, ನಟ್ಟು ಬೀಳಬಾರದು ಅಂತ. ‘ಇದು ಗ್ಯಾಸಿನ ಗಾಡೀದಾ?’ ಅಂದೆ. ‘ಹೌದ್ರಿ. ಅಂವಾ ಭಾಳ ಬಿಟ್ಟಿದ್ದ’ ಅಂದರು, ಸಕ್ಕರೆ ಜಾಸ್ತಿ ಹಾಕಿದ ಚಹಾದ ಬಗ್ಗೆ ಹೇಳಿದ ಹಾಗೆ.

ಆಗಿದ್ದು ಇಷ್ಟೇ. ಗಾಳಿಯಲ್ಲಿ ಎಲ್‌ಪಿಜಿ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಇದ್ದಾಗ ಬೆಂಕಿ ತಾನಾಗಿ ಹರಡಲ್ಲ. ಡೀಸೆಲ್ ತಾಗಿದಷ್ಟು ಗ್ಯಾಸ್ ಉರಿದು, ಉಳಿದದ್ದು ಹಾಗೇ ಸೈಲೆನ್ಸರ್‌ನಿಂದ ಆಚೆ ಹೋಗುತ್ತೆ. ಹಗುರ ಭಾರದಲ್ಲಿ ಓಡಿಸಿದರೆ ದುಡ್ಡು ಹೊಗೆಯ ಜೊತೆ ಹೋದ ಲೆಕ್ಕ. ಎರಡರ ಗೆರೆ ದಾಟಿದರೆ ಸಿಲಿಂಡರ್ ತುಂಬಾ ಒಟ್ಟಿಗೆ ಬೆಂಕಿ ಓಡುತ್ತೆ. ಬಲ ಬರೋದು ಅಲ್ಲಿಯೇ, ಅಪಾಯವೂ ಅಲ್ಲಿಯೇ. ಭಾರ ಏರಿ, ಗಾಳಿಯೂ ಬಿಸಿಯಾಗಿದ್ದರೆ ಮೂಲೆಯಲ್ಲಿದ್ದ ಗ್ಯಾಸ್ ಸರತಿ ಬಿಟ್ಟು ಸಿಡಿಯುತ್ತೆ. ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ ಟಕ ಸದ್ದು. ಡೀಸೆಲ್ ಎಂಜಿನ್ನು ಮೊದಲೇ ಸದ್ದು ಮಾಡೋದರಿಂದ ಅದು ಕಿವಿಗೆ ಬೀಳೋದೂ ಇಲ್ಲ. ನಮ್ಮ ಮೇ ತಿಂಗಳ 43, 44 ಡಿಗ್ರಿ ಬಿಸಿಲಲ್ಲಿ, ಬಾನೆಟ್ ಒಳಗಿನ ಗಾಳಿ ಎಳೆಯುವ ಹಳೇ ಜೀಪಿಗೆ ಇದು ದೂರದ ಮಾತಲ್ಲ.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಡೀಸೆಲ್ ಎಂಜಿನ್ ಬಂದ್ ಮಾಡೋದು ಅಂದರೆ ಡೀಸೆಲ್ ನಿಲ್ಲಿಸೋದು, ಅಷ್ಟೇ. ಗಾಳಿಗೆ ಸಾಮಾನ್ಯವಾಗಿ ಬಾಗಿಲಿಲ್ಲ. ಸೊಲೆನಾಯ್ಡ್ ಸೋರಿ ಗ್ಯಾಸ್ ಬರುತ್ತಲೇ ಇದ್ದರೆ, ಕಾದ ಎಂಜಿನ್ನು ಕೀ ತೆಗೆದರೂ ನಿಲ್ಲದೆ ಏರುತ್ತಾ ಹೋಗಬಹುದು. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿಯ ರಿಫೈನರಿಯಲ್ಲಿ ಸೋರಿದ ಇಂಧನದ ಆವಿಯನ್ನು ಎಳೆದುಕೊಂಡು, ಅಲ್ಲಿ ನಿಂತಿದ್ದ ಒಂದು ಡೀಸೆಲ್ ಪಿಕಪ್ ಗಾಡಿ ಹೀಗೇ ಅಬ್ಬರಿಸಿತು. ಬೆಂಕಿ ಹತ್ತಿದ್ದು ಅದರಿಂದಲೇ ಇರಬೇಕು ಅಂತ ತನಿಖೆ ಹೇಳಿತು. ಆ ಸ್ಫೋಟದಲ್ಲಿ 15 ಜನ ಸತ್ತರು.

ಈಗ ನಮ್ಮಲ್ಲಿನ ಕಥೆ. ಅಡುಗೆ ಗ್ಯಾಸ್ ಈ ದೇಶಕ್ಕೆ ಬಂದಿದ್ದು 1955ರಲ್ಲಿ, ಮುಂಬೈಗೆ. ಇಂಡೇನ್ ಶುರುವಾಗಿದ್ದು 1965ರಲ್ಲಿ. ಮನೆಮನೆಗೆ ಕೆಂಪು ಸಿಲಿಂಡರ್ ಬಂದ ಮೇಲೆ ಕೆಲವು ಕಾರಿನ ಡಿಕ್ಕಿಗೂ ಅದು ನುಗ್ಗಿತು. ಮಾರುತಿ ವ್ಯಾನಿನ ಹಿಂದಿನ ಸೀಟಿನ ಕೆಳಗೆ ಸಿಲಿಂಡರ್ ಮಲಗಿಸಿ ಓಡಿಸಿದ್ದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ. 2000ದಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು, 2001ರಲ್ಲಿ ವಾಹನದ ಎಲ್‌ಪಿಜಿಗೇ ಬೇರೆ ಆದೇಶ ಬಂತು. ಗ್ಯಾಸ್ ಹಾಕಬಹುದು, ಆದರೆ ಒಪ್ಪಿಗೆ ಪಡೆದ ಕಿಟ್ಟು, ಗಾಡಿಗೇ ಬಿಗಿದ ಟ್ಯಾಂಕು, ಆಟೋ ಎಲ್‌ಪಿಜಿ ಬಂಕು ಇರಬೇಕು. ಮನೆ ಸಿಲಿಂಡರ್ ಅವತ್ತೂ ಅಪರಾಧ, ಇವತ್ತೂ ಅಪರಾಧ.

ಆಗ ಡೀಸೆಲ್ ಗಾಡಿಯವರು ಈ ಕಡೆ ತಿರುಗಿ ನೋಡಲಿಲ್ಲ. ಯಾಕೆಂದರೆ ಡೀಸೆಲ್ಲೇ ಅಗ್ಗ ಇತ್ತು. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಿದ ಕಾಲ ಅದು. 2010ರಲ್ಲಿ ಪೆಟ್ರೋಲ್ ದರ ಸರ್ಕಾರದ ಕೈಬಿಟ್ಟಿತು. ಡೀಸೆಲ್ ದರ 2013ರ ಜನವರಿಯಿಂದ ತಿಂಗಳಿಗೆ 50 ಪೈಸೆಯಂತೆ ಏರುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಅದೂ ಕೈಬಿಟ್ಟಿತು. ಆಮೇಲೆ ಕರ್ನಾಟಕದಲ್ಲಿ 2024ರ ಜೂನ್ ಮತ್ತು 2025ರ ಏಪ್ರಿಲ್‌ನಲ್ಲಿ ತೆರಿಗೆ ಏರಿತು. ಲೀಟರಿಗೆ 91 ರೂಪಾಯಿ ಆಸುಪಾಸಿಗೆ ಬಂದಾಗ ಗ್ಯಾರೇಜುಗಳಲ್ಲಿ ಗ್ಯಾಸಿನ ಮಾತು ಮತ್ತೆ ಎದ್ದಿತು.

ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್‌ನಷ್ಟು ಶಕ್ತಿಗೆ ಸುಮಾರು 1.4 ಲೀಟರ್ ಎಲ್‌ಪಿಜಿ ಬೇಕು. ಅಂದರೆ ಡೀಸೆಲ್ 91 ಇದ್ದು, ಬಂಕಿನಲ್ಲಿ ಗ್ಯಾಸ್ ಲೀಟರಿಗೆ 65 ರೂಪಾಯಿ ಇದ್ದರೆ ಅಲ್ಲಿಗಲ್ಲಿಗೆ ಸರಿ. 60 ಇದ್ದರೆ? ನಮ್ಮ ಜೀಪು ತಿಂಗಳಿಗೆ 100 ಲೀಟರ್ ಕುಡಿಯುತ್ತೆ ಅನ್ನಿ. ಅದರಲ್ಲಿ 20 ಲೀಟರ್ ಉಳಿಸಿದರೆ 1820 ರೂಪಾಯಿ. ಅದರ ಬದಲಿಗೆ 28 ಲೀಟರ್ ಗ್ಯಾಸಿಗೆ 1680. ತಿಂಗಳಿಗೆ 140 ರೂಪಾಯಿ ಉಳಿತಾಯ! ಕಿಟ್ಟಿನ ದುಡ್ಡು ಹುಟ್ಟೋದು ಯಾವಾಗ? ಜೊತೆಗೆ ಹೊಲದ ದಾರಿಯಲ್ಲಿ ಆಟೋ ಗ್ಯಾಸ್ ಬಂಕು ಯಾರು ಇಟ್ಟಿರುತ್ತಾರೆ?

ಈಗ ಮನೆ ಸಿಲಿಂಡರ್ ನೋಡಿ. 14.2 ಕಿಲೋ ಗ್ಯಾಸಿನಲ್ಲಿ ಹೆಚ್ಚುಕಮ್ಮಿ 18 ಲೀಟರ್ ಡೀಸೆಲ್‌ನಷ್ಟು ಶಕ್ತಿ ಇದೆ. ಆ 91ರ ಲೆಕ್ಕದಲ್ಲಿ ಡೀಸೆಲ್ ಆದರೆ 1600 ರೂಪಾಯಿ ಮೇಲೆ. ಸಿಲಿಂಡರ್ 2025ರ ಏಪ್ರಿಲ್ ಏರಿಕೆಯ ನಂತರವೂ ಬೆಂಗಳೂರಿನಲ್ಲಿ 855ರ ಆಸುಪಾಸು ಇತ್ತು, ನಮ್ಮಲ್ಲಿ ಇನ್ನೊಂದಿಷ್ಟು. ಹೆಚ್ಚುಕಮ್ಮಿ ಅರ್ಧ! ಒಟ್ಟಿನಲ್ಲಿ ಈ ಉಪಾಯ ಕಲಬುರಗಿಯಲ್ಲಿ ಗಿಟ್ಟೋದು ಒಲೆಯ ಗ್ಯಾಸನ್ನು ಕದ್ದು ಬಳಸಿದಾಗ ಮಾತ್ರ. ಕಾನೂನು ಬಿಡಿ, ಆ ಸಿಲಿಂಡರ್ ಕುಣಿಯುವ ಗಾಡಿಗೆ ಮಾಡಿದ್ದೇ ಅಲ್ಲ. ನಿಲ್ಲಿಸಿ ಇಟ್ಟು ಜೋರಾಗಿ ಗ್ಯಾಸ್ ಎಳೆದರೆ ಮೈಮೇಲೆ ಹಿಮ ಕಟ್ಟಿ ಒತ್ತಡ ಇಳಿಯುತ್ತೆ. ಅದಕ್ಕೆ ತಲೆಕೆಳಗು ಮಾಡುತ್ತಾರೆ. ಆಗ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತೆ. ಸೋರಿದರೆ ಗಾಳಿಗಿಂತ ಭಾರದ ಗ್ಯಾಸು ಜೀಪಿನ ನೆಲಕ್ಕೆ ಬಂದು ಕೂರುತ್ತೆ, ನಮ್ಮ ಕಾಲ ಬುಡದಲ್ಲಿ.

ಕಾಗದದ ಮೇಲೂ ದಾರಿ ಕಿರಿದು. ಗಾಡಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಆಗಸ್ಟ್‌ನ ಅಧಿಸೂಚನೆ ಹೊಸ ಹೊಗೆ ನಿಯಮದ (ಬಿಎಸ್ 6) ಪೆಟ್ರೋಲ್ ಗಾಡಿಗೆ ಗ್ಯಾಸ್ ಕಿಟ್ಟು ಹಾಕಲು ಬಿಟ್ಟಿತು. 3.5 ಟನ್‌ಗಿಂತ ಕಡಿಮೆಯ ಬಿಎಸ್ 6 ಡೀಸೆಲ್ ಗಾಡಿಗೆ ಅದು ಹೇಳಿದ್ದು ಎಂಜಿನ್ನನ್ನೇ ತೆಗೆದು ಗ್ಯಾಸ್ ಎಂಜಿನ್ ಕೂಡಿಸಿ ಅಂತ. ನಮ್ಮ 540 ಆ ಕಾಲದ್ದೇ ಅಲ್ಲ.

ಇದೆಲ್ಲ ಹೇಳಿದ ಮೇಲೆ ಉಸ್ತಾದ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾಲ್ಕೂ ನೋಜಲ್ ಬಿಚ್ಚಿ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಕಳಿಸಿದರು. ಎರಡು ನೋಜಲ್ ಚಿಮ್ಮುವ ಬದಲು ತೊಟ್ಟಿಕ್ಕುತ್ತಿದ್ದವು. ಏರ್ ಫಿಲ್ಟರ್ ಕೊಡವಿದರೆ ಅರ್ಧ ಬೊಗಸೆ ಎರೆ ಮಣ್ಣು ಬಿತ್ತು. ಮರುವಾರ ಆಳಂದ ರಸ್ತೆಯ ದಿಬ್ಬ ಏರುವಾಗ ಕನ್ನಡಿಯಲ್ಲಿ ಹಿಂದಿನ ಟಂಟಂ ಆಟೋ ಕಾಣುತ್ತಿತ್ತು. ಮೊದಲು ಬರೀ ಹೊಗೆ ಕಾಣುತ್ತಿತ್ತು.