ಲೋದಲ್ಲಿ ಓಡುವ ಮೋಟರ್ ಹೈನಲ್ಲಿ ಗುಂಯ್‌ಗುಡುವುದೇಕೆ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಸೆಕೆಂಡ್ ಹ್ಯಾಂಡ್ ತಗೊಂಡ ಟರೆಟ್ ಮಿಲ್ಲಿಂಗ್ ಮಷಿನ್ (ಲೋಹ ಕತ್ತರಿಸೋದು) ಇದೆ, ಎರಡು ಸ್ಪೀಡಿನ ಮೋಟರ್. ಹೋದ ವಾರದಿಂದ ಲೋಗೆ ಹಾಕಿದರೆ ಸರಿಯಾಗಿ ತಿರುಗುತ್ತೆ. ಹೈಗೆ ಹಾಕಿದರೆ ಗುಂಯ್ ಅಂತ ನಿಂತು ಟ್ರಿಪ್ ಆಗುತ್ತೆ. ಎಲೆಕ್ಟ್ರಿಷಿಯನ್ ‘ಹೈ ವೈಂಡಿಂಗ್ ಸುಟ್ಟಿದೆ, ರೀವೈಂಡ್ ಮಾಡಿಸಿ’ ಅಂತಿದ್ದಾರೆ. ಮಾಡಿಸಿಬಿಡಲೇ?

ಉತ್ತರ: ತಡೀರಿ, ಮೋಟರ್ ಇನ್ನೂ ಇಳಿಸಬೇಡಿ. ‘ಲೋದಲ್ಲಿ ಸರಿಯಾಗಿ ತಿರುಗುತ್ತೆ’ ಅಂತ ನೀವೇ ಬರೆದಿದ್ದೀರಲ್ಲ, ನನಗೆ ಅನುಮಾನ ಹುಟ್ಟಿಸಿದ್ದು ಆ ಮಾತೇ. ಬಹಳಷ್ಟು ಎರಡು ಸ್ಪೀಡಿನ ಮೋಟರುಗಳಲ್ಲಿ ‘ಹೈ ವೈಂಡಿಂಗ್’, ಅಂದರೆ ಹೈ ಸ್ಪೀಡಿಗೆ ಅಂತಲೇ ಬೇರೆ ತಂತಿ ಸುತ್ತು, ಇರುವುದೇ ಇಲ್ಲ.

ಮೊದಲು ನೇಮ್‌ಪ್ಲೇಟ್ ಒರೆಸಿ ಓದಿ. 1420/710 ಅಥವಾ 2850/1420 ಎಂಬಂತೆ ಒಂದು ಸ್ಪೀಡು ಇನ್ನೊಂದರ ಸುಮಾರು ಎರಡು ಪಟ್ಟು ಇದ್ದರೆ ಅದು ಹೆಚ್ಚಾಗಿ ಡಾಲಾಂಡರ್ ಮೋಟರ್. ಸ್ವೀಡನ್ನಿನ ಎಂಜಿನಿಯರ್ ರಾಬರ್ಟ್ ಡಾಲಾಂಡರ್ 1897ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು: ತಂತಿ ಅದೇ, ಜೋಡಿಸುವ ರೀತಿ ಮಾತ್ರ ಬೇರೆ, ಪೋಲುಗಳ (ಅಯಸ್ಕಾಂತದ ಧ್ರುವಗಳ) ಸಂಖ್ಯೆ ಅರ್ಧವಾಗುತ್ತದೆ, ಸ್ಪೀಡ್ ಇಮ್ಮಡಿಯಾಗುತ್ತದೆ. ಪ್ಲೇಟಿನ ಮೇಲೆ 1440/960 ಎಂದಿದ್ದರೆ ಸಾಮಾನ್ಯವಾಗಿ ಎರಡು ಪ್ರತ್ಯೇಕ ವೈಂಡಿಂಗ್ ಇರುತ್ತವೆ. ಆಗ ನಿಮ್ಮ ಎಲೆಕ್ಟ್ರಿಷಿಯನ್ ಮಾತು ನಿಜವಾಗಿರಲೂಬಹುದು. 2:1 ಇದ್ದೂ ಪ್ರತ್ಯೇಕ ವೈಂಡಿಂಗ್ ಇರುವ ಮೋಟರುಗಳೂ ಉಂಟು, ಆ ಅನುಮಾನವನ್ನು ಮೀಟರ್ ಬಗೆಹರಿಸುತ್ತದೆ.

ಡಾಲಾಂಡರ್ ಒಳಗೆ ಆರು ಸುತ್ತುಗಳು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಬಳೆಯ ಹಾಗೆ ಸೇರಿಸಿರುತ್ತಾರೆ. ಆರು ಸೇರುವ ಜಾಗಗಳಿಂದ ಆರು ತಂತಿ ಹೊರಗೆ ಬರುತ್ತವೆ. ಒಂದು ಬಿಟ್ಟು ಒಂದು ಲೆಕ್ಕದಲ್ಲಿ 1ಯು, 1ವಿ, 1ಡಬ್ಲ್ಯು ಒಂದು ಗುಂಪು, 2ಯು, 2ವಿ, 2ಡಬ್ಲ್ಯು ಇನ್ನೊಂದು. ಲೋದಲ್ಲಿ ಮೂರು ಫೇಸ್ 1ರ ಗುಂಪಿಗೆ ಹೋಗುತ್ತದೆ, 2ರ ಗುಂಪು ಸುಮ್ಮನೆ ಬಿಟ್ಟಿರುತ್ತದೆ: ಇದು ಡೆಲ್ಟಾ, ತ್ರಿಕೋನದ ಜೋಡಣೆ. ಹೈನಲ್ಲಿ ಕರೆಂಟ್ 2ರ ಗುಂಪಿಗೆ, 1ರ ಗುಂಪಿನ ಮೂರನ್ನೂ ಒಟ್ಟಿಗೆ ಶಾರ್ಟ್ ಮಾಡಬೇಕು: ಇದು ಡಬಲ್ ಸ್ಟಾರ್, ಒಂದೇ ಬಿಂದುವಿನಲ್ಲಿ ಸೇರುವ ಜೋಡಿ ನಕ್ಷತ್ರದ ಜೋಡಣೆ. ಈ ಶಾರ್ಟ್ ಮಾಡುವ ಕೆಲಸವನ್ನು ಸ್ಪೀಡ್ ಸೆಲೆಕ್ಟರಿನ ಕ್ಯಾಮ್ ಸ್ವಿಚ್ಚೋ (ಕೈಯಿಂದ ತಿರುಗಿಸುವುದು) ಕಾಂಟ್ಯಾಕ್ಟರೋ (ಕರೆಂಟ್ ಕೊಟ್ಟಾಗ ತಾನೇ ಕೂಡುವ ಸ್ವಿಚ್) ಮಾಡುತ್ತದೆ. ಆ ಕಾಂಟ್ಯಾಕ್ಟು ಕರಕಲಾದರೆ ಮೋಟರಿಗೆ ಕರೆಂಟ್ ಬರುತ್ತದೆ, ಆದರೆ ಸ್ಟಾರ್ ಕಟ್ಟಿಕೊಳ್ಳುವುದಿಲ್ಲ. ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ, ಟ್ರಿಪ್ ಆಗುತ್ತದೆ. ಲೋದಲ್ಲಿ ಆ ಕಾಂಟ್ಯಾಕ್ಟಿಗೆ ಕೆಲಸವೇ ಇಲ್ಲದ್ದರಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಲೋದಲ್ಲೂ ಹೈನಲ್ಲೂ ದುಡಿಯುವುದು ಅದೇ ಆರು ಸುತ್ತುಗಳು, ಅಂದಮೇಲೆ ಲೋ ಸರಿಯಿದ್ದರೆ ವೈಂಡಿಂಗನ್ನು ಅಪರಾಧಿ ಮಾಡುವುದು ಕಷ್ಟ. ಆದರೆ ‘ಸರಿಯಾಗಿ’ ಎಂಬುದನ್ನು ಕಿವಿಯಿಂದ ಹೇಳಬೇಡಿ. ಒಂದು ಸುತ್ತು ಕಡಿದಿದ್ದರೂ ಲೋದಲ್ಲಿ ಮೋಟರ್ ಹೇಗೋ ತಿರುಗೀತು. ಕ್ಲ್ಯಾಂಪ್ ಮೀಟರ್ (ತಂತಿಯನ್ನು ಹೊರಗಿನಿಂದಲೇ ತಬ್ಬಿ ಕರೆಂಟ್ ಅಳೆಯುವುದು) ಹಿಡಿದು ಮೂರು ಫೇಸಿನ ಆಂಪ್ಸ್ ನೋಡಿ. ಮೂರೂ ಹೆಚ್ಚುಕಡಿಮೆ ಸಮ ಇದ್ದರೆ ಮಾತ್ರ ಸರಿ. ಲೋದಲ್ಲಿ ಮೂರೂ ಫೇಸ್ ಸಮವಾಗಿ ಬಂದರೆ ಮೇನ್ ಸಪ್ಲೈಯಲ್ಲಿ ಫೇಸ್ ಹೋಗಿಲ್ಲ ಎಂದೂ ಗೊತ್ತಾಯಿತು.

ಇನ್ನು ಮೀಟರ್ ಕೆಲಸ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ (ಬೋರ್ಡಿನ ಮೇಲೆ ಇಟ್ಟರೆ ಯಾರೋ ಪುಣ್ಯಾತ್ಮ ತಿರುಗಿ ಹಾಕುತ್ತಾನೆ). ಟೆಸ್ಟರ್ ಹಚ್ಚಿ ಕರೆಂಟ್ ಸತ್ತಿದೆ ಅಂತ ಖಾತ್ರಿ ಮಾಡಿ. ಆರು ತಂತಿಗೂ ಚೀಟಿ ಕಟ್ಟಿ, ಮೊಬೈಲಲ್ಲಿ ಫೋಟೋ ತೆಗೆದು, ಆಮೇಲೆ ಬಿಚ್ಚಿ.

ಮೀಟರಿನ ಬೀಪ್ ನಂಬಬೇಡಿ, ಎಷ್ಟೋ ಜನ ಎಡವುವುದು ಇಲ್ಲೇ. ವೈಂಡಿಂಗಿನ ರೆಸಿಸ್ಟೆನ್ಸ್ ಕೆಲವೇ ಓಮ್ ಇರುತ್ತದೆ, ಅಷ್ಟಕ್ಕೂ ಮೀಟರ್ ಬೀಪ್ ಎನ್ನುತ್ತದೆ. ಓಮ್ ಅಳತೆಗೆ ಇಟ್ಟು, ಪ್ರೋಬುಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ 0.2, 0.3ನ್ನು ಪ್ರತಿ ಸಲ ಕಳೆಯಿರಿ. ಪ್ರತಿ ಸುತ್ತು 6 ಓಮ್ ಇರುವ ಮೋಟರ್ ಅಂದುಕೊಳ್ಳೋಣ. 1ರ ಗುಂಪಿನ ಎರಡೆರಡರ ನಡುವೆ 8 ಬರಬೇಕು, 2ರ ಗುಂಪಿನಲ್ಲೂ 8. 1ರ ಒಂದು ತುದಿಯಿಂದ 2ರ ಮೂರು ತುದಿಗೆ ಹಿಡಿದರೆ ಎರಡು ಕಡೆ 5, ಒಂದು ಕಡೆ 9. ಬಳೆಯಲ್ಲಿ ಎರಡೂ ದಾರಿಯಿಂದ ಕರೆಂಟ್ ಸುತ್ತಿ ಬರುವುದರಿಂದ ಈ ಲೆಕ್ಕ. ನಿಮ್ಮ ಮೋಟರಿನಲ್ಲಿ ಅಂಕಿ ಬೇರೆ ಇರಬಹುದು, ಈ ಅನುಪಾತ ಮಾತ್ರ ಬದಲಾಗುವುದಿಲ್ಲ. ಒಂದು ಸುತ್ತು ಕಡಿದಿದ್ದರೆ ಬಳೆ ಒಡೆದ ಹಾಗೆ: ಪಕ್ಕಪಕ್ಕದ ಐದು ಜೋಡಿಯಲ್ಲಿ 6 ಬರುತ್ತದೆ, ಕಡಿದ ಜಾಗದಲ್ಲಿ ಒಮ್ಮೆಗೇ 30. ಎರಡು ಗುಂಪಿನ ನಡುವೆ ಸಂಪರ್ಕವೇ ಇಲ್ಲದಿದ್ದರೆ ಅದು ಪ್ರತ್ಯೇಕ ವೈಂಡಿಂಗಿನ ಮೋಟರ್. ಕೊನೆಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ವೈಂಡಿಂಗಿಗೂ ಮೋಟರಿನ ಲೋಹದ ಮೈಗೂ ನಡುವೆ ನೋಡಿ. 1 ಮೆಗಾ ಓಮಿಗಿಂತ ಕಮ್ಮಿ ಬಂದರೆ ಮೊದಲು ಟರ್ಮಿನಲ್ ಬಾಕ್ಸ್ ತೆಗೆದು ನೋಡಿ, ಕೂಲಂಟ್ ಸೋರಿ ಒಳಗೆ ಕಪ್ಪು ಜಿಡ್ಡು ಕೂತಿರುವುದು ಅಪರೂಪವೇನಲ್ಲ.

ಇಷ್ಟು ಪಾಸಾದರೆ ಸ್ವಿಚ್ಚಿಗೆ ಬನ್ನಿ. ಮೋಟರ್ ತಂತಿ ಬಿಚ್ಚಿದ ಹಾಗೇ ಇರಲಿ. ನಾಬ್ ಹೈಗೆ ತಿರುಗಿಸಿ, 1ರ ಗುಂಪಿಗೆ ಹೋಗುವ ಮೂರು ಸ್ಕ್ರೂಗಳ ನಡುವೆ ಅಳೆಯಿರಿ. ಮೂರು ಜೋಡಿಯಲ್ಲೂ ಸೊನ್ನೆಯ ಹತ್ತಿರ ಬರಬೇಕು. ಲೋಗೆ ತಿರುಗಿಸಿದರೆ ಮೂರೂ ಓಪನ್. ಹೈನಲ್ಲಿ ಒಂದು ಜೋಡಿ ತಪ್ಪಿದರೂ ಕಳ್ಳ ಸಿಕ್ಕ. ಆರು ತಿಂಗಳ ಹಿಂದೆ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ನಾನು ಬಿಚ್ಚಿದ ಸ್ವಿಚ್ಚಿನಲ್ಲಿ ಕಾಂಟ್ಯಾಕ್ಟಿನ ಎರಡು ಬೆಳ್ಳಿ ಗುಂಡಿ ಹೊಳೆಯುತ್ತಿದ್ದವು. ಮೂರನೆಯದು ಇದ್ದ ಜಾಗದಲ್ಲಿ ಕರಿ ಹಳ್ಳ, ಕೆಳಗಿನ ಬೇಕಲೈಟು ಸುಟ್ಟ ಹಪ್ಪಳದಂತೆ ಉಬ್ಬಿತ್ತು. ಅವರು ಅಷ್ಟರಲ್ಲಿ ಮೋಟರನ್ನು ಒಮ್ಮೆ ರೀವೈಂಡ್ ಮಾಡಿಸಿ ತಂದಿದ್ದರು, ರೋಗ ಹಾಗೇ ಇತ್ತು. ಎಮರಿ ಹಾಕಿ ತಿಕ್ಕಿದರೆ ನಾಲ್ಕು ದಿನ ಓಡಬಹುದು. ಆ ಗುಂಡಿಯ ಬೆಳ್ಳಿ ಹೋದ ಮೇಲೆ ಸ್ವಿಚ್ಚೇ ಬದಲಿಸಿ. ಹೊಸದು ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವಾಗ ಹಳೆಯದನ್ನೇ ಜೊತೆಗೆ ಒಯ್ಯಿರಿ. ‘ಟೂ ಸ್ಪೀಡ್’ ಎಂದಷ್ಟೇ ಹೇಳಿದರೆ ಪ್ರತ್ಯೇಕ ವೈಂಡಿಂಗಿನ ಸ್ವಿಚ್ ಕೊಟ್ಟು ಕಳಿಸುವ ಸಾಧ್ಯತೆಯೂ ಇದೆ.

ಕಾಂಟ್ಯಾಕ್ಟರ್ ಪ್ಯಾನೆಲ್ ಇದ್ದರೆ ಇನ್ನೊಂದು ಅಪಾಯ. ಸ್ಟಾರ್ ಕಾಂಟ್ಯಾಕ್ಟರ್ ಅಂಟಿಕೊಂಡಿರುವಾಗ ಯಾರಾದರೂ ಲೋ ಒತ್ತಿದರೆ ಮೂರು ಫೇಸ್ ನೇರ ಡಿಕ್ಕಿ. ಇಂಟರ್‌ಲಾಕ್ ತಂತಿಯನ್ನು (ಎರಡೂ ಒಟ್ಟಿಗೆ ಕೂಡದಂತೆ ತಡೆಯುವುದು ಇದೇ) ‘ಸದ್ಯಕ್ಕೆ’ ಅಂತ ಬೈಪಾಸ್ ಮಾಡಿರುವುದು ಕಂಡರೆ ಮೊದಲು ಅದನ್ನು ಸರಿ ಮಾಡಿ. ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದರೆ ಟ್ರಿಪ್ ಮಾಡುವುದು) ಸಹ ಎರಡು ಬೇಕು, ಎರಡು ಸ್ಪೀಡಿನ ಆಂಪ್ಸ್ ಬೇರೆ ಬೇರೆ.

ನಿಜವಾಗಿಯೇ ರೀವೈಂಡ್ ಬೇಕಾಯಿತು ಅನ್ನಿ, ಅಂಗಡಿಯವರಿಗೆ ‘ಡಾಲಾಂಡರ್, ಒಂದೇ ವೈಂಡಿಂಗ್, ಆರು ತುದಿ’ ಎಂದು ಬಾಯಿಬಿಟ್ಟು ಹೇಳಿ. ಆರು ತುದಿ ಕಂಡ ತಕ್ಷಣ ಒಂದೇ ಸ್ಪೀಡಿನ ಸ್ಟಾರ್-ಡೆಲ್ಟಾ ಮೋಟರ್ ಅಂದುಕೊಂಡು ತುದಿಗಳನ್ನು ಜೋಡಿಸುವ ಹಿತ್ತಾಳೆ ಪಟ್ಟಿ ಹಾಕಿದರೆ ಸುತ್ತುಗಳು ಶಾರ್ಟ್ ಆಗಿ, ಹೊಸ ವೈಂಡಿಂಗ್ ಮೊದಲ ದಿನವೇ ಹೊಗೆ. ಸಿಂಗಲ್ ಫೇಸಿನಿಂದ 230 ವೋಲ್ಟ್ ಮೂರು ಫೇಸ್ ಕೊಡುವ ಚಿಕ್ಕ ಡ್ರೈವ್ (ಸ್ಪೀಡ್ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗದು. 415 ವೋಲ್ಟಿನ ಡಾಲಾಂಡರನ್ನು ಪಟ್ಟಿ ಬದಲಿಸಿ 230ಕ್ಕೆ ಇಳಿಸಲು ಬರುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಬೆಲ್ಟ್ ಹಾಕದೆ ಎರಡೂ ಸ್ಪೀಡಿನಲ್ಲಿ ಮೋಟರ್ ತಿರುಗುವ ದಿಕ್ಕು ನೋಡಿ. ಡಾಲಾಂಡರಿನಲ್ಲಿ ಲೋದಿಂದ ಹೈಗೆ ಹೋಗುವಾಗ ಎರಡು ಫೇಸ್ ಅದಲುಬದಲಾದರೆ ಮಾತ್ರ ದಿಕ್ಕು ಒಂದೇ ಉಳಿಯುತ್ತದೆ. ಹಳೇ ಸ್ವಿಚ್ಚಿನಲ್ಲಿ ಅದು ಒಳಗೇ ಆಗುತ್ತಿದ್ದಿರಬಹುದು, ಹೊಸದರಲ್ಲಿ ಆಗದಿರಬಹುದು. ಬೆಲ್ಟ್ ಹಾಕಿದ ಮೇಲೆ ಸ್ಪಿಂಡಲ್ (ಕಟರ್ ಹಿಡಿದು ತಿರುಗುವ ದಂಡ) ನೋಡುವಾಗ ಬ್ಯಾಕ್ ಗೇರ್ (ಅದನ್ನು ನಿಧಾನ ಮಾಡುವ ಗೇರು) ಬಿಟ್ಟಿರಲಿ. ಟರೆಟ್ ಹೆಡ್ಡಿನಲ್ಲಿ ಬ್ಯಾಕ್ ಗೇರ್ ಹಾಕಿದರೆ ಸ್ಪಿಂಡಲ್ ತಾನಾಗಿಯೇ ಉಲ್ಟಾ ತಿರುಗುತ್ತದೆ, ಅದನ್ನು ಕಂಡು ವೈರಿಂಗ್ ತಪ್ಪಿದೆ ಎಂದು ಮತ್ತೆ ಬಿಚ್ಚಲು ಕೂತೀರಿ.